ಮೂರನೆಯ ಭಾಷಣ

ಹಾಗಲವಾಡಿ
ಶುಕ್ರವಾರ, 7 ಫೆಬ್ರವರಿ 2025

ಮಲ್ಲಿಕಾರ್ಜುನ್ ಅವರಿಗೆ,

ಹಾಗಲವಾಡಿಯಿಂದ ಪ್ರೇಮಲತಾ ಬರೆಯುವುದು. ನಾವಿಲ್ಲಿ ಕ್ಷೇಮ ಎಂದು ಮೊದಲು ತಿಳಿಸಿ, ಆಮೇಲೆ ಆ ಕಡೆಯವರ ಕ್ಷೇಮ ಕೇಳಬೇಕು ಎಂದು ನಮ್ಮಪ್ಪ ನನಗೂ ತಂಗಿ ವಾಣಿಗೂ ಕಲಿಸಿದ್ದರು. ನಾವಿಲ್ಲಿ ಕ್ಷೇಮ. ನಿಮ್ಮ ಕ್ಷೇಮವನ್ನು ನಾನು ಕೇಳುತ್ತಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಅರ್ಧ ಮಾತು ಆಡುವಷ್ಟರಲ್ಲಿ ನೀವು "ಗೊತ್ತಾಯ್ತು ಬಿಡಿ ಅಕ್ಕ" ಅನ್ನುತ್ತೀರಿ. ಉಳಿದರ್ಧವನ್ನೂ ನೀವೇ ಆಡಿ ಮುಗಿಸುತ್ತೀರಿ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಮಾತು ನಿಧಾನ. ವಾಣಿ ಹೋದ ಮೇಲೆ ದಿನವೂ ಒಂದಿಷ್ಟು ಡೈರಿ ಬರೆಯುವ ಅಭ್ಯಾಸವಾಗಿ ಕೈಗೆ ಸ್ವಲ್ಪ ಧೈರ್ಯ ಬಂದಿದೆ. ಕಾಗದದಲ್ಲಿ ಒಂದು ಅನುಕೂಲ ಇದೆ. ಮಧ್ಯೆ ನೀವು ಬಾಯಿ ಹಾಕುವುದಕ್ಕೆ ಆಗುವುದಿಲ್ಲ.

ನಿಮ್ಮ ಟ್ಯೂಷನ್ ಸೆಂಟರಿನ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಬಂತು. ದಪ್ಪ ಕಾಗದ, ಮಿನುಗುವ ಅಕ್ಷರ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ, ತುಮಕೂರಿನ ಕಲ್ಯಾಣ ಮಂಟಪದಲ್ಲಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು ಎಲ್ಲ ಆದ ಮೇಲೆ 'ವಿದ್ಯಾರ್ಥಿನಿಯ ಮನದಾಳದ ಮಾತು: ಕುಮಾರಿ ಸಿಂಚನಾ' ಎಂದು ಅಚ್ಚು ಹಾಕಿಸಿದ್ದೀರಿ. ನಿಮ್ಮ ಮಗಳು ಈ ವರ್ಷ ನಿಮ್ಮ ಸೆಂಟರಿನಲ್ಲಿ ಒಂದು ದಿನವೂ ಕೂತಿಲ್ಲ. ನನ್ನ ಮನೆಯಲ್ಲಿದ್ದುಕೊಂಡು ನಮ್ಮೂರ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು ಓದುತ್ತಿದ್ದಾಳೆ. ಅವಳ ಮನದಾಳದ ವಿಷಯ ಹಾಗಿರಲಿ, ಫೋನ್ ಮಾಡಿ "ಮಾತಾಡ್ತೀಯೇನಮ್ಮ" ಅಂತ ಒಂದು ಸಲ ಕೇಳಿದಿರಾ?

ಮಾರನೆಯ ದಿನ ನನ್ನ ಮೊಬೈಲಿಗೆ ವಾಟ್ಸಾಪಿನಲ್ಲಿ ಭಾಷಣ ಬಂತು. ನೀವೇ ಬರೆದದ್ದು. ನನ್ನ ತಂದೆಯೇ ನನ್ನ ಮೊದಲ ಗುರು, ತಾಯಿಯನ್ನು ಕಳೆದುಕೊಂಡ ನನಗೆ ಅವರೇ ತಾಯಿಯೂ ಆದರು, ಹೀಗೆ. ಕೆಳಗೆ ನಿಮ್ಮ ಧ್ವನಿ ಸಂದೇಶ: "ಅಕ್ಕ, ಬೈಹಾರ್ಟ್ ಮಾಡ್ಸಿ. 'ಕಳೆದುಕೊಂಡ' ಅನ್ನೋ ಕಡೆ ಒಂಚೂರು ನಿಲ್ಲಿಸ್ಬೇಕು ಅಂತ ಹೇಳಿ. ಅಲ್ಲಿ ಪೇರೆಂಟ್ಸ್‌ಗೆ ಟಚ್ ಆಗತ್ತೆ."

ನನ್ನ ತಂಗಿ ಸತ್ತದ್ದು ನಿಮಗೆ ಭಾಷಣದಲ್ಲಿ ಒಂಚೂರು ನಿಲ್ಲಿಸುವ ಜಾಗ.

ನಮ್ಮತ್ತೆ ಸಿದ್ದಗಂಗಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಏನಂತೆ ಅವನದು ಎಂದು ಕೇಳಿದರು. ಹೇಳಿದೆ. "ಅವನ್ನೇ ಲಂಗ ಹಾಕ್ಕೊಂಡು ಜಡೆ ಬುಟ್ಕೊಂಡು ನಿಂತ್ಕೊಳ್ಳಕ್ಕೇಳು. ಇನ್ನೂ ಚೆನ್ನಾಗಿ ಟಚ್ ಆಯ್ತದೆ" ಅಂದರು. ಸಿಂಚನಾ ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆಂದರೆ ಅದೇ ಧ್ವನಿ ಸಂದೇಶದಲ್ಲಿ ನೀವು ಇನ್ನೊಂದು ಸಂಗತಿ ಹೇಳಿದ್ದಿರಿ. ಪರೀಕ್ಷೆ ಮುಗಿದ ತಕ್ಷಣ ಅವಳನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಒಂಬತ್ತನೇ ಕ್ಲಾಸಿನಿಂದ ನಿಮ್ಮದೇ ಬ್ಯಾಚಿನಲ್ಲಿ ಕೂರಿಸುತ್ತೀರಿ, ಅದನ್ನೂ ಅವತ್ತು ವೇದಿಕೆಯ ಮೇಲೆ ಘೋಷಿಸುತ್ತೀರಿ. ಅವಳ ಭಾಷಣವೂ ನಿಮ್ಮದು, ಅವಳ ಮುಂದಿನ ವರ್ಷವೂ ನಿಮ್ಮದು. ಬಾಯಿ ಮಾತ್ರ ಅವಳದು ಬೇಕು.

ನೀವು ನನ್ನ ಕೈಗೆ ಕೊಟ್ಟ ಮಗು ಹೇಗಿತ್ತು ಎನ್ನುವುದನ್ನು ಒಂದು ಸಲ ನಿಮಗೆ ತೋರಿಸಬೇಕು.

ವಾಣಿಯ ಶಿವಗಣಾರಾಧನೆಯ ದಿನ ನೆನಪಿದೆಯಾ? ಪಂಕ್ತಿಗಳೆಲ್ಲ ಎದ್ದ ಮೇಲೆ ನಾನು ಸಿಂಚನಾಳನ್ನು "ಊಟ ಆಯ್ತೇನೇ ಕಂದಾ" ಎಂದು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ನೀವು ಆ ಕಡೆಯಿಂದ "ಆಯ್ತು ಆಯ್ತು, ಮೊದಲನೇ ಪಂಕ್ತೀಲೇ ಕೂತಿದ್ಲು" ಅಂದಿರಿ. ಅವಳು ಹೌದೆಂದು ತಲೆ ಆಡಿಸಿದಳು. ಸಂಜೆ ಪಾತ್ರೆ ತೊಳೆಯುವ ಕಡೆ ನಿಂತು, ತಣ್ಣಗಾದ ಅನ್ನವನ್ನು ತಪ್ಪಲೆಯಿಂದಲೇ ಬಾಚಿ ತಿನ್ನುತ್ತಿದ್ದಳು. ಬೆಳಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಸಿದಿರುವಾಗಲೂ ನಿಮ್ಮ ಉತ್ತರಕ್ಕೆ ತಲೆ ಆಡಿಸುವಷ್ಟು ಚೆನ್ನಾಗಿ ಕಲಿಸಿದ್ದಿರಿ.

ನಾನು ಅವಳನ್ನು ಕೇಳಿ ಕರೆದುಕೊಂಡು ಬಂದದ್ದು ಆ ತಪ್ಪಲೆಯ ಕಾರಣಕ್ಕೆ. ಒಂದು ವರ್ಷ ನನ್ನ ಹತ್ತಿರ ಇರಲಿ ಅಂದಾಗ ನೀವು ದೊಡ್ಡ ಮನಸ್ಸು ಮಾಡಿದವರಂತೆ ಒಪ್ಪಿದಿರಿ. ಜಡೆ ಹಾಕುವುದು, ಡಬ್ಬಿ ಕಟ್ಟುವುದು ನಿಮಗೆ ತೊಡಕಾಗಿತ್ತು. ತಂಗಿಯ ಮಗಳ ಮೇಲಿನ ಪ್ರೀತಿ ಎಂದು ನೆಂಟರೆಲ್ಲ ಅಂದುಕೊಂಡರು. ಪ್ರೀತಿಯೂ ಇತ್ತು. ಅದರ ಕೆಳಗೆ, ನಿಮ್ಮಿಂದ ಏನನ್ನಾದರೂ ಕಿತ್ತುಕೊಳ್ಳಬೇಕು ಎನ್ನುವುದೂ ಇತ್ತು. ನಿಮಗೆ ಗೊತ್ತಾಗದ ಹಾಗೆ, ನಿಮ್ಮ ಒಪ್ಪಿಗೆಯಿಂದಲೇ.

ಬಂದ ಹೊಸತರಲ್ಲಿ ಅವಳು ಪ್ರತಿಯೊಂದಕ್ಕೂ ನನ್ನ ಮುಖ ನೋಡುತ್ತಿದ್ದಳು. "ದೊಡ್ಡಮ್ಮ, ಸ್ನಾನಕ್ಕೆ ಹೋಗ್ಲಾ? ದೊಡ್ಡಮ್ಮ, ಹೆಡ್ಡಿಂಗ್ ಯಾವ ಪೆನ್ನಲ್ಲಿ ಬರೀಲಿ? ದೊಡ್ಡಮ್ಮ, ನಂಗೆ ಇನ್ನೊಂದು ಮುದ್ದೆ ಬೇಕಾ?" ಅತ್ತೆಗೆ ತಡೆಯಲಿಲ್ಲ. "ಏನ್ಲೇ, ನಿನ್ ಹೊಟ್ಟೆ ನಿನ್ನತ್ರ ಐತಾ, ಇಲ್ಲಾ ತುಮ್ಕೂರಲ್ಲೇ ಬುಟ್ಟು ಬಂದಿದ್ದೀಯಾ?" ಅಂದರು.

ಅವಳ ಏಳನೇ ಕ್ಲಾಸಿನ ವಿಜ್ಞಾನ ವಸ್ತುಪ್ರದರ್ಶನ ನಾನು ನೋಡಿದ್ದೆ. ನೀರು ಸೋಸುವ ಮಾದರಿ. ಥರ್ಮಾಕೋಲು ಕತ್ತರಿಸಿದ್ದು ನೀವು, ಬಣ್ಣ ಬಳಿದದ್ದು ನೀವು. ತೀರ್ಪುಗಾರರು ಮರಳಿನ ಕೆಳಗೆ ಜಲ್ಲಿ ಯಾಕಮ್ಮ ಎಂದು ಕೇಳಿದಾಗ ಅವಳು ನಿಮ್ಮ ಕಡೆ ತಿರುಗಿದಳು. "ಅವ್ಳಿಗೆ ಗೊತ್ತು ಸರ್, ನಾಚಿಕೆ ಸ್ವಭಾವ" ಎಂದು ಹೇಳಿ ಉತ್ತರವನ್ನು ನೀವೇ ಒಪ್ಪಿಸಿದಿರಿ. ಬಹುಮಾನ ಬಂತು. ಫೋಟೋದಲ್ಲಿ ಕಪ್ಪನ್ನು ಹಿಡಿದಿರುವುದೂ ನೀವೇ.

ಸರಿ, ನಾನು ಏನು ಮಾಡಿದೆ? ನನಗೆ ಬೀಜಗಣಿತ ಬರುವುದಿಲ್ಲ. ಇಂಗ್ಲಿಷು ಅಷ್ಟಕ್ಕಷ್ಟೆ. ನಾನು ಮಾಡಿದ್ದು ಒಂದೇ, ಉತ್ತರ ಕೊಡಲಿಲ್ಲ. "ನಿಂಗೇನನ್ಸತ್ತೆ?" ಎಂದು ಕೇಳಿ ಸುಮ್ಮನೆ ಕೂರುತ್ತಿದ್ದೆ. ಗೊತ್ತಿರುವ ಉತ್ತರವನ್ನು ನುಂಗಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ನಿಮಗೆ ತಿಳಿಯದು, ನೀವು ಯಾವತ್ತೂ ಪ್ರಯತ್ನಪಟ್ಟಿಲ್ಲ. ಮೊದಮೊದಲು ಅವಳು ಅಳುತ್ತಿದ್ದಳು. ಅತ್ತರೂ ನಾನು ಹೇಳಲಿಲ್ಲ. ನನಗೆ ಆ ಬಿಗಿ ಬಂದದ್ದು ಸಮಾಧಾನದಿಂದಲ್ಲ, ನಿಮ್ಮ ಮೇಲಿನ ಹಗೆಯಿಂದ. ಅವಳು ತಾನಾಗಿ ಆಡಿದ ಒಂದೊಂದು ಮಾತೂ ನಿಮ್ಮ ಕೆನ್ನೆಗೆ ಬಿತ್ತು ಎಂದೇ ನಾನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಶ್ರಾವಣದಲ್ಲಿ ಅತ್ತೆ ಅವಳನ್ನು ಅಟ್ಟಕ್ಕೆ ಹತ್ತಿಸಿದರು. ನಮ್ಮ ಕಡೆ ಕೊಬ್ಬರಿ ಹೇಗಾಗುತ್ತದೆ ಎಂದು ನೀವು ಕೇಳಿರುತ್ತೀರಿ. ಸುಲಿಯದ ಕಾಯಿಗಳನ್ನು ಅಟ್ಟದಲ್ಲಿ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯಲು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು.

ಸಿಂಚನಾ ಒಂದೊಂದು ಕಾಯಿಯನ್ನೂ ಅಲ್ಲಾಡಿಸಿ, ಏಣಿಯ ಬುಡದಲ್ಲಿ ಕೂತ ಅತ್ತೆಯ ಕಡೆ ಚಾಚಿ "ಅಜ್ಜಿ, ಇದು ಆಗಿದ್ಯಾ?" ಅನ್ನುವಳು.

"ನಂಗೆ ಎಡಗಿವಿ ಹೋಗಿ ಎಷ್ಟೋ ಕಾಲ ಆಯ್ತು. ಬಲಗಿವಿ ನಿಮ್ ದೊಡ್ಡಮ್ಮನ ಗೊಣಗಾಟ ಕೇಳಕ್ಕೇ ಸಾಲಲ್ಲ. ನಿನ್ ಕಿವಿ ಇರಾದು ಓಲೆ ಹಾಕ್ಕೊಳಕ್ಕಾ?" ಅಂದರು ಅತ್ತೆ.

ಅವಳು ತನಗೆ ತಿಳಿದ ಹಾಗೆ ಆರಿಸಿ ಒಂದು ರಾಶಿ ಹಾಕಿದಳು. ಸುಲಿಸಿ ಒಡೆಸಿದರೆ, ಅರ್ಧಕ್ಕರ್ಧ ಇನ್ನೂ ಹಸಿ. ತಿರುಳು ಚಿಪ್ಪಿಗೆ ಕಚ್ಚಿಕೊಂಡು ಬರಲೊಲ್ಲದು. ಅವಳು ಗೋಡೆಗೆ ಒರಗಿ ನಿಂತು ನಮ್ಮ ಯಜಮಾನರನ್ನು "ದೊಡ್ಡಪ್ಪ, ಅಪ್ಪಂಗೆ ಹೇಳ್ತೀರಾ?" ಎಂದು ಕೇಳಿದಳು. ನೋಡಿ, ಹೊಡೆಯುತ್ತೀರಾ ಎಂದು ಅವಳು ಕೇಳಲಿಲ್ಲ. "ಹೇಳ್ತೀವಿ ಕಣವ್ವ. ಮಗಳು ಕೊಬ್ಬರಿ ಮಿಠಾಯಿ ಮಾಡವ್ಳೆ, ಬಂದು ತಿನ್ಕೊಂಡು ಹೋಗು ಅಂತ ಹೇಳ್ತೀವಿ" ಅಂದರು ಅವರು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಕಾಯಿಹೋಳಿಗೆ, ಕಾಯಿಚಟ್ನಿ, ಕಾಯಿಹಾಲು. ಸಾರಿಗೂ ಕಾಯಿ. ಕೊನೆಗೆ ಬೆಕ್ಕೂ ಮೂಸಲಿಲ್ಲ.

ನಮಗೆ ನಷ್ಟವಾಯಿತು. ನಾನು ಮಾತ್ರ ಒಳಗೊಳಗೇ ಹಬ್ಬ ಮಾಡಿದೆ. ನಿಮ್ಮ ಮನೆಯಲ್ಲಿ ಅವಳಿಗೆ ಏನನ್ನೂ ಕೆಡಿಸಲು ನೀವು ಬಿಟ್ಟಿರಲಿಲ್ಲ.

ಆಮೇಲೆ ಅವಳು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದಳು. ಕೆಲವು ಕಾಯಿಗಳ ಮೇಲೆ ಇದ್ದಿಲಿನಲ್ಲಿ ಹೂವು, ಮೀನು, ಚಪ್ಪಲಿ ಎಂದು ಗುರುತು ಬರೆದು ಬೇರೆ ಇಟ್ಟಳು. ಭಾನುವಾರ ಬಂದರೆ ಅಟ್ಟ ಹತ್ತಿ ಅವನ್ನು ಅಲ್ಲಾಡಿಸಿ ಕೇಳುವುದು. ಕಾರ್ತೀಕದ ಹೊತ್ತಿಗೆ ಕೆಳಗಿಳಿದು ಬಂದು ನನಗೆ ಹೇಳಿದಳು: "ದೊಡ್ಡಮ್ಮ, ಮೊದಲು ನೀರು ಗುಳುಗುಳು ಅನ್ನತ್ತೆ. ಕೊನೇಲಿ ಉಂಡೆ ಗಟಗಟ ಅನ್ನತ್ತೆ. ಮಧ್ಯೆ ಒಂದು ಕಾಲ ಇದೆ, ಆಗ ಏನೂ ಸದ್ದೇ ಬರಲ್ಲ. ನಾನು ಅವನ್ನೇ ಆಗಿದೆ ಅಂತ ತೆಗೆದಿದ್ದು. ಅವು ಆಗ್ತಾ ಇದ್ವು ಅಷ್ಟೆ."

ಇದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ವಿಜ್ಞಾನದ ಮೇಷ್ಟ್ರು ಕ್ಲಾಸಿನ ಮುಂದೆ ನಿಲ್ಲಿಸಿ ಹೇಳಿಸಿದರಂತೆ. ಯಾರೋ ಒಬ್ಬಳು ಅಟ್ಟದಲ್ಲಿ ಹೊಗೆ ಹಾಕಿದರೆ ಬೇಗ ಆಗುತ್ತದಾ ಎಂದು ಕೇಳಿದಳಂತೆ. "ಅದು ನಂಗೆ ಗೊತ್ತಿಲ್ಲ, ನೋಡಿ ಹೇಳ್ತೀನಿ" ಅಂದಳಂತೆ ನಿಮ್ಮ ಮಗಳು. ಗೊತ್ತಿಲ್ಲ ಎಂದು ಎಲ್ಲರ ಮುಂದೆ ನಿಂತು ಹೇಳುವುದು ನಿಮಗೆ ಈ ವಯಸ್ಸಿನಲ್ಲೂ ಬಂದಿಲ್ಲ.

ಬಸ್ಸಿನ ಕಥೆಯನ್ನೂ ಹೇಳಿಬಿಡುತ್ತೇನೆ. ದಸರಾ ರಜೆಯಲ್ಲಿ ಅವಳನ್ನು ಹುಲಿಯೂರುದುರ್ಗಕ್ಕೆ, ನನ್ನ ತವರಿಗೆ, ಒಬ್ಬಳನ್ನೇ ಕಳಿಸಿದೆ. ಗುಬ್ಬಿಯಲ್ಲಿ ಹತ್ತಿಸಿದೆ, ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕುಣಿಗಲ್ಲಿಗೆ ಹೋದಳು, ಅಲ್ಲಿ ತಪ್ಪು ಬಸ್ಸು ಹತ್ತಿ ಎಡೆಯೂರಿನಲ್ಲಿ ಇಳಿದಳು. ಇಳಿದವಳು ಅಳಲಿಲ್ಲ. ಬಂದದ್ದಾಯಿತಲ್ಲ ಎಂದು ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ದಾಸೋಹದಲ್ಲಿ ಹೊಟ್ಟೆ ತುಂಬ ಊಟ ಮಾಡಿ, ಕಂಡಕ್ಟರನ್ನು ಕೇಳಿ ವಾಪಸ್ ಕುಣಿಗಲ್ಲಿಗೆ ಬಂದು ಸರಿಯಾದ ಬಸ್ಸು ಹಿಡಿದಳು. ನನಗೆ ಫೋನ್ ಮಾಡಿ "ದೊಡ್ಡಮ್ಮ, ಪಾಯಸ ಚೆನ್ನಾಗಿತ್ತು" ಅಂದಳು. ನೀವು ಆ ಸಮಯದಲ್ಲಿ ಫೋನ್ ಮಾಡಿ ಎಲ್ಲಿ ಅವಳು ಎಂದು ಕೇಳಿದ್ದಿರಿ. ಸ್ನಾನ ಮಾಡುತ್ತಿದ್ದಾಳೆ ಎಂದು ಹೇಳಿದೆ. ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ.

ಅವಳ ಅಮ್ಮನೂ ಹಾಗೇ ಇದ್ದವಳು. ಹುಲಿಯೂರುದುರ್ಗದ ಸ್ಕೂಲಿನಲ್ಲಿ ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ವಾಣಿಯ ಕೈ ಮೇಲೆ ಇರುತ್ತಿತ್ತು. ಕುಣಿಗಲ್ಲಿನಲ್ಲಿ ಚರ್ಚಾಸ್ಪರ್ಧೆಗೆ ಹೋಗಿ, ಎದುರಾಳಿ ಹುಡುಗನ ಮಾತಿಗೇ ಅವನನ್ನು ಸಿಕ್ಕಿಸಿ, ಒಂದು ಸ್ಟೀಲಿನ ಟಿಫನ್ ಬಾಕ್ಸ್ ಗೆದ್ದು ಬಂದಿದ್ದಳು. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ನಮ್ಮಮ್ಮನಿಗೆ ಕೆಲಸ. ನಿಮಗೆ ಕೊಟ್ಟು ಮದುವೆ ಮಾಡಿದ ಮೇಲೆ ನಿಮ್ಮ ಎಸ್.ಎಸ್. ಪುರಂ ಮನೆಗೆ ನಾನು ಬಂದಾಗ, ಕಾಫಿಗೆ ಸಕ್ಕರೆ ಹಾಕಲೇನೇ ಎಂದು ಕೇಳಿದರೆ ಅವಳು ನಿಮ್ಮ ಮುಖ ನೋಡುತ್ತಿದ್ದಳು. "ಅವ್ಳಿಗೆ ಕಮ್ಮಿ ಸಾಕು" ಅನ್ನುತ್ತಿದ್ದಿರಿ. ನೀವು ಹೊಡೆದಿಲ್ಲ, ಬೈದಿಲ್ಲ. ಊರೆಲ್ಲ ನಿಮ್ಮನ್ನು ಒಳ್ಳೆಯವರು ಅನ್ನುತ್ತದೆ. ಉತ್ತರಗಳನ್ನೆಲ್ಲ ನೀವೇ ಹೇಳಿ ಹೇಳಿ, ನಮ್ಮ ವಾಣಿ ಮಾತು ಮರೆತಳು.

ಇನ್ನು ಮುಖ್ಯವಾದದ್ದು.

ದೀಪಾವಳಿಯ ಹಿಂದಿನ ದಿನ ಅಟ್ಟ ಗುಡಿಸುತ್ತಿದ್ದೆವು. ಸಿಂಚನಾ ಪೊರಕೆ ಹಿಡಿದು ನಿಂತವಳು ಇದ್ದಕ್ಕಿದ್ದಂತೆ "ದೊಡ್ಡಮ್ಮ, ನಾನು ಹೇಳಿದ್ರೆ ಅಮ್ಮ ಇರ್ತಿದ್ಲಾ?" ಎಂದು ಕೇಳಿದಳು. ಏನನ್ನು ಎಂದು ನಾನು ಕೇಳಲಿಲ್ಲ. ಸುಮ್ಮನಿದ್ದೆ. ಅಷ್ಟು ತಿಂಗಳು ಸುಮ್ಮನಿರುವುದನ್ನು ಕಲಿತದ್ದು ಆವತ್ತು ಕೆಲಸಕ್ಕೆ ಬಂತು.

ಅವಳೇ ಹೇಳಿದಳು. ಆ ದಿನ ಬೆಳಗ್ಗೆ ಜಡೆ ಹಾಕುತ್ತಿದ್ದ ವಾಣಿ ಅರ್ಧಕ್ಕೆ ಬಿಟ್ಟು, ಎಡಗೈ ಎತ್ತಕ್ಕೆ ಆಗ್ತಿಲ್ಲ ಕಣೇ, ದವಡೆನೂ ಹಿಡ್ಕೊಂಡಂಗಾಗ್ತಿದೆ ಅಂದಳಂತೆ. ಸಂಜೆ ನೀವು ಇಬ್ಬರನ್ನೂ ಕರೆದುಕೊಂಡು ನರ್ಸಿಂಗ್ ಹೋಮಿಗೆ ಹೋದಿರಿ. ಡಾಕ್ಟರು ವಾಣಿಯನ್ನು ನೋಡಿ ಏನಾಗ್ತಿದೆಯಮ್ಮ ಎಂದು ಕೇಳಿದರು. "ಗ್ಯಾಸ್ಟ್ರಿಕ್ ಡಾಕ್ಟ್ರೇ, ಹೊತ್ತಿಗೆ ಸರಿಯಾಗಿ ತಿನ್ನಲ್ಲ" ಅಂದಿರಿ. ಕೈಕಾಲು ನೋವು ಏನಾದರೂ ಇದೆಯಾ ಎಂದು ಡಾಕ್ಟರು ಅವಳನ್ನೇ ನೋಡಿ ಮತ್ತೆ ಕೇಳಿದರು. "ಅಂಥದ್ದೇನಿಲ್ಲ" ಅಂದಿರಿ. ನನ್ನ ತಂಗಿ ನಿಮ್ಮನ್ನು ನೋಡಿದಳು. ತಲೆ ಆಡಿಸಿದಳು. ಮಗು ಪಕ್ಕದ ಸ್ಟೂಲಿನ ಮೇಲೆ ಕೂತಿತ್ತು. ಅದಕ್ಕೆ ಕೈ ನೋವಿನ ವಿಷಯ ಗೊತ್ತಿತ್ತು. ಬಾಯಿ ತೆರೆಯಿತು. "ನೀನು ಸುಮ್ನಿರು, ದೊಡ್ಡೋರು ಮಾತಾಡ್ತಿದೀವಿ" ಅಂದಿರಿ. ಗುಳಿಗೆ ಬರೆಸಿಕೊಂಡು ಮನೆಗೆ ಬಂದಿರಿ. ಬೆಳಕು ಹರಿಯುವ ಹೊತ್ತಿಗೆ ವಾಣಿ ಇರಲಿಲ್ಲ.

ಒಳಗೇ ಇಟ್ಟುಕೊಂಡಿದ್ದಳು, ಮಲ್ಲಿಕಾರ್ಜುನ್. ಹೇಳಿದ್ದರೆ ಅಮ್ಮ ಬದುಕುತ್ತಿದ್ದಳೋ ಏನೋ ಎನ್ನುವುದನ್ನು ಈ ಮಗು ಒಬ್ಬಳೇ ಇಟ್ಟುಕೊಂಡಿದ್ದಳು. ಬದುಕುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ನಿನ್ನ ತಪ್ಪಲ್ಲ ಎಂದು ನಾನು ಹೇಳಿದೆ. ಅದೊಂದೇ ಸಲ, ನಿಂಗೇನನ್ಸತ್ತೆ ಎಂದು ಕೇಳದೆ ನಾನೇ ಉತ್ತರ ಕೊಟ್ಟೆ. ಅಷ್ಟೂ ಹೊತ್ತು ನಿಮ್ಮ ಮುಖ ನನ್ನ ಕಣ್ಣ ಮುಂದೆ ಇತ್ತು. ಶಿವಗಣಾರಾಧನೆಯ ದಿನ ಬಂದವರಿಗೆಲ್ಲ "ಅವ್ಳು ಏನೂ ಹೇಳ್ಕೊಳ್ಳೋಳೇ ಅಲ್ಲ, ಎಲ್ಲ ಒಳಗೇ ನುಂಗ್ತಿದ್ಲು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದ ಮುಖ.

ನಾನು ಸ್ಟೇಷನ್ನಿಗೆ ಹೋಗುವವಳಲ್ಲ, ಪಂಚಾಯ್ತಿ ಸೇರಿಸುವವಳೂ ಅಲ್ಲ. ಏನು ಮಾಡಲಿ ಎಂದು ತಿಂಗಳುಗಟ್ಟಲೆ ಒಳಗೇ ಕುದ್ದೆ. ದಾರಿಯನ್ನು ನೀವೇ ತೋರಿಸಿದಿರಿ, ಆಹ್ವಾನ ಪತ್ರಿಕೆ ಕಳಿಸಿ.

ನೀವು ಕಳಿಸಿದ ಭಾಷಣದ ಬದಲು ನಾನೊಂದು ಭಾಷಣ ಬರೆದಿದ್ದೇನೆ. ಅದರಲ್ಲಿ ಥರ್ಮಾಕೋಲು ಇದೆ, ತಣ್ಣಗಾದ ಅನ್ನ ಇದೆ, ಸ್ಟೂಲು ಇದೆ. ಕೊನೆಯ ಸಾಲು ಹೀಗಿದೆ: 'ಡಾಕ್ಟರು ಕೇಳಿದ್ದು ನನ್ನ ಅಮ್ಮನನ್ನು, ಉತ್ತರ ಕೊಟ್ಟದ್ದು ನನ್ನ ಅಪ್ಪ. ನಿಮ್ಮ ಮಕ್ಕಳನ್ನು ಇವರ ಹತ್ತಿರ ಕಳಿಸುವ ಮೊದಲು ಯೋಚಿಸಿ.' ಸಿಂಚನಾ ಅದನ್ನು ಈ ವಾರವೆಲ್ಲ ಹಿತ್ತಿಲಿನಲ್ಲಿ ಓಡಾಡಿಕೊಂಡು ಕಲಿಯುತ್ತಿದ್ದಾಳೆ. ಧ್ವನಿ ಗಟ್ಟಿಯಾಗಿದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ನಾನೂ ಹೇಳಿಕೊಟ್ಟಿದ್ದೇನೆ.

ಇದನ್ನೆಲ್ಲ ಮುಂಚೆಯೇ ಯಾಕೆ ತಿಳಿಸುತ್ತಿದ್ದೇನೆ ಎಂದರೆ, ನೀವು ಒಂದು ವಾರ ಇದರ ಜೊತೆ ಬದುಕಬೇಕು. ಕಾರ್ಯಕ್ರಮ ನಿಲ್ಲಿಸಿದರೆ ಯಾಕೆ ನಿಲ್ಲಿಸಿದಿರಿ ಎಂದು ತುಮಕೂರೆಲ್ಲ ಕೇಳುತ್ತದೆ. ಅವಳ ಹೆಸರು ತೆಗೆದರೆ, ಅಚ್ಚಾದ ಹೆಸರು ಯಾಕೆ ತೆಗೆದಿರಿ ಎಂದು ಮುಂದಿನ ಸಾಲಿನಲ್ಲಿ ಕೂತು ನಾನೇ ಎದ್ದು ಕೇಳುತ್ತೇನೆ. ಅವಳು ಮೈಕಿನ ಮುಂದೆ ನಿಂತಾಗ ಪಕ್ಕದಿಂದ ನೀವು ಬಾಯಿ ತೆರೆದು ನೋಡಿ. ಸಭೆಯೆಲ್ಲ ನಿಮ್ಮನ್ನು ನೋಡುತ್ತದೆ. ಆ ಸ್ಟೂಲಿನ ಮೇಲೆ ಆವತ್ತು ನೀವು ಕೂರುತ್ತೀರಿ.

ವಾಣಿಶ್ರೀಯ ಅಕ್ಕ,
ಪ್ರೇಮಲತಾ

ವಿ.ಸೂ.: ಶನಿವಾರ ಬೆಳಗ್ಗೆ.

ಕಾಗದವನ್ನು ಲಕೋಟೆಗೆ ಹಾಕುವ ಮೊದಲು ಸಿಂಚನಾಗೆ ಓದಲು ಕೊಟ್ಟೆ. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಜಗಲಿಯ ಮೇಲೆ ಕೂತು ಪೂರ್ತಿ ಓದಿದಳು. ಎದ್ದು ಒಳಗೆ ಹೋಗಿ ನಾನು ಬರೆದುಕೊಟ್ಟ ಭಾಷಣವನ್ನೂ, ಮೊಬೈಲಿನಿಂದ ಅವಳು ಬರೆದುಕೊಂಡಿದ್ದ ನಿಮ್ಮ ಭಾಷಣವನ್ನೂ ತಂದು, ನೀರು ಕಾಯಿಸುವ ಒಲೆಗೆ ಎರಡನ್ನೂ ಹಾಕಿದಳು. ನಿಮ್ಮದು ಮೊದಲು ಹೊತ್ತಿಕೊಂಡಿತು. ನನಗೆ ಸಮಾಧಾನವಾಗಲಿಲ್ಲ.

"ಅಪ್ಪ ಬರೆದಿದ್ದು ಬೈಹಾರ್ಟ್ ಮಾಡ್ಬೇಡ ಅಂತೀರ, ನೀವು ಬರೆದಿದ್ದು ಮಾಡು ಅಂತೀರ. ಅಮ್ಮನ ಕೈ ನೋವಿನ ಮಾತು ನಂದು ದೊಡ್ಡಮ್ಮ. ಅದನ್ನ ಅಪ್ಪಂಗೆ ನಾನೇ ಹೇಳ್ಬೇಕು. ಮಂಟಪದಲ್ಲಿ ಅಲ್ಲ. ಮನೇಲಿ."

ನಿಂಗೆ ಸಿಟ್ಟೇ ಇಲ್ವೇನೇ ಎಂದು ನಾನು ಜೋರು ಮಾಡಿದೆ. "ಇದೆ. ನಿಮ್ಮಷ್ಟೇ ಇದೆ. ಅದೂ ನಂದೇ" ಅಂದಳು. ಅತ್ತೆ ಒಳಗಿನಿಂದ ನಗುತ್ತಾ, "ಕಲಿಸ್ದೆ ಅಲ್ವಾ? ಅನುಭವ್ಸು ಈಗ" ಅಂದರು.

ಇವತ್ತೇ ತುಮಕೂರಿಗೆ, ನಿಮ್ಮ ಮನೆಗೆ ಹೊರಟಿದ್ದಾಳೆ. ಜೊತೆಗೆ ಬರುತ್ತೇನೆ ಅಂದೆ. ಬೇಡ ಅಂದಳು. ಕಾಗದವನ್ನು ಟಪಾಲಿಗೆ ಹಾಕಲೂ ಬಿಡಲಿಲ್ಲ. ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ, ಲಕೋಟೆಗೆ ಅಂಟು ಹಾಕಲು ನನ್ನ ಈ ನಾಲ್ಕು ಸಾಲಿಗೆ ಕಾಯುತ್ತಾ ನಿಂತಿದ್ದಾಳೆ. ಮೊದಲು ತಾನು ಮಾತಾಡುತ್ತಾಳಂತೆ, ಆಮೇಲೆ ಇದನ್ನು ನಿಮ್ಮ ಕೈಗೆ ಕೊಡುತ್ತಾಳಂತೆ. ಆದ್ದರಿಂದ ನೀವು ಇದನ್ನು ಓದುತ್ತಿದ್ದೀರಿ ಎಂದರೆ ಅವಳು ಹೇಳಿ ಆಗಿದೆ.

ಒಂಬತ್ತನೇ ಕ್ಲಾಸು ಎಲ್ಲಿ ಓದುತ್ತಾಳೆ ಎನ್ನುವುದನ್ನೂ ಅವಳೇ ಹೇಳುತ್ತಾಳಂತೆ. ನನಗೂ ಹೇಳಿಲ್ಲ. ವಾರ್ಷಿಕೋತ್ಸವದ ದಿನ ಮೈಕಿನ ಮುಂದೆ ನಿಲ್ಲುತ್ತಾಳೋ ಇಲ್ಲವೋ, ನಿಂತರೆ ಏನು ಮಾತಾಡುತ್ತಾಳೋ, ಅದೂ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ನೀವು ಉತ್ತರ ಗೊತ್ತಿಲ್ಲದೆ ಕೂರುತ್ತೀರಿ. ನಿಮಗೆ ನಾನು ಬಯಸಿದ್ದ ಶಿಕ್ಷೆ ಅದೇ. ನಿಮ್ಮ ಪಕ್ಕದ ಕುರ್ಚಿಯಲ್ಲಿ ನಾನೂ ಹಾಗೇ ಕೂರಬೇಕಾಗುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ಅವಳು ಮಾತಾಡುವಾಗ ನೀವು ಮಧ್ಯೆ ಬಾಯಿ ಹಾಕಿದಿರಾ ಎಂದು ಸಂಜೆ ಅವಳು ಬಸ್ಸಿಳಿದಾಗ ನಾನು ಕೇಳುವುದಿಲ್ಲ. ಕೇಳಬೇಕು ಎಂದು ಪ್ರಾಣ ಹೋಗುತ್ತದೆ. ಆದರೂ ಕೇಳುವುದಿಲ್ಲ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ.